ಕಂಪ್ಯೂಟರಿನೊಳಗೊಂದು ಪಂಚಾಂಗ

ಊರೆಲ್ಲ ಮಲಗಿರುವ ಹೊತ್ತಿನಲ್ಲೂ ಕಂಪ್ಯೂಟರುಗಳಿಗೆ ಪುರುಸೊತ್ತಿಲ್ಲ. ಬ್ಯಾಂಕಿನ ಗಣಕ ದಿನದ ವ್ಯವಹಾರವನ್ನೆಲ್ಲ ಕೂಡಿಸಿ ಕಳೆದು ಲೆಕ್ಕ ಮುಗಿಸುತ್ತಿರುತ್ತದೆ. ಗ್ರಂಥಾಲಯದ ಗಣಕ ಗಡುವು ಮೀರಿದ ಪುಸ್ತಕಗಳ ಪಟ್ಟಿ ತಯಾರಿಸುತ್ತಿರುತ್ತದೆ. ಆಸ್ಪತ್ರೆಯ ಗಣಕ ಆ ದಿನ ಬಂದುಹೋದ ರೋಗಿಗಳ ದಾಖಲೆಗೆ ಇನ್ನೊಂದು ಪ್ರತಿ ತೆಗೆದಿಡುತ್ತಿರುತ್ತದೆ. ಇಷ್ಟೆಲ್ಲ ನಡೆಯುವಾಗ ಕೀಲಿಮಣೆಯ ಮುಂದೆ ನರಪಿಳ್ಳೆಯೂ ಇರುವುದಿಲ್ಲ. ಹಾಗಾದರೆ ‘ಹೊತ್ತಾಯಿತು, ಈಗ ಶುರು ಮಾಡು’ ಎಂದು ಅವಕ್ಕೆ ನೆನಪಿಸುವವರು ಯಾರು?

ಯುನಿಕ್ಸ್ ಮನೆತನಕ್ಕೆ ಸೇರಿದ ಕಂಪ್ಯೂಟರುಗಳಲ್ಲಿ ಈ ಕೆಲಸ ಮಾಡುವುದು ‘ಕ್ರಾನ್’ ಎಂಬ ಪುಟ್ಟ ತಂತ್ರಾಂಶ. ಕಾಲ ಎಂಬ ಅರ್ಥದ ಗ್ರೀಕ್ ಪದ ‘ಕ್ರೋನೋಸ್’ನಿಂದ ಈ ಹೆಸರು ಬಂದಿದೆ. ಪರದೆಯ ಮೇಲೆ ಇದರ ಚಿತ್ರ ಕಾಣುವುದಿಲ್ಲ, ಸದ್ದೂ ಕೇಳುವುದಿಲ್ಲ. ಕಂಪ್ಯೂಟರ್ ಶುರುವಾದಾಗ ಎದ್ದು ಕೂತರೆ, ಅದು ನಿಲ್ಲುವವರೆಗೂ ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು ‘ಈ ನಿಮಿಷಕ್ಕೆ ಏನಾದರೂ ಕೆಲಸ ಇದೆಯೇ?’ ಎಂದು ಪಟ್ಟಿ ನೋಡುತ್ತದೆ. ಇದ್ದರೆ ಮಾಡಿಸುತ್ತದೆ, ಇಲ್ಲದಿದ್ದರೆ ಮತ್ತೆ ಕಣ್ಣು ಮುಚ್ಚುತ್ತದೆ. ಒಂದು ದಿನಕ್ಕೆ 1,440 ಸಲ, ವರ್ಷಕ್ಕೆ 5,25,600 ಸಲ!

ಭೂತವಲ್ಲ, ಕಾವಲು ದೈವ

ಹೀಗೆ ತೆರೆಮರೆಯಲ್ಲಿ ಕುಳಿತು ಕೆಲಸ ಮಾಡುವ ತಂತ್ರಾಂಶಗಳಿಗೆ ಯುನಿಕ್ಸ್ ಲೋಕದಲ್ಲಿ ‘ಡೀಮನ್’ ಎಂಬ ಹೆಸರಿದೆ. ಮೊದಲ ಸಲ ಕೇಳಿದವರು ಇದೇನು ದೆವ್ವವೇ ಎಂದು ಬೆಚ್ಚುವುದುಂಟು. 1963ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಈ ಪದವನ್ನು ಬಳಕೆಗೆ ತಂದಿತು. ಅದಕ್ಕೆ ಪ್ರೇರಣೆ ಭೌತಶಾಸ್ತ್ರಜ್ಞ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ಕಲ್ಪಿಸಿಕೊಂಡಿದ್ದ ಒಂದು ಅದೃಶ್ಯ ಜೀವಿ. ಅನಿಲ ತುಂಬಿದ ಪೆಟ್ಟಿಗೆಯ ನಡುವಿನ ಬಾಗಿಲಲ್ಲಿ ಕುಳಿತು, ವೇಗದ ಅಣುಗಳನ್ನು ಒಂದು ಕಡೆಗೂ ನಿಧಾನದವನ್ನು ಇನ್ನೊಂದು ಕಡೆಗೂ ಬಿಡುತ್ತಾ ಬೇಸರವಿಲ್ಲದೆ ದುಡಿಯುವ ದ್ವಾರಪಾಲಕ ಅದು.

ಗ್ರೀಕರ ಮೂಲ ಕಲ್ಪನೆಯಲ್ಲಿಯೂ ಇದು ಕೇಡಿನ ದೆವ್ವವಲ್ಲ, ಮನುಷ್ಯರಿಗೂ ದೇವರಿಗೂ ನಡುವಿನ ಒಂದು ಶಕ್ತಿ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತುಳುನಾಡಿನಲ್ಲಿ ‘ಭೂತ’ ಎಂದರೆ ಹೆದರಿಸುವ ಪಿಶಾಚಿಯಲ್ಲ, ಊರನ್ನು ಕಾಯುವ ದೈವ. ಕಂಪ್ಯೂಟರಿನ ಡೀಮನ್ ಕೂಡ ಅಂಥದೇ. ಕಣ್ಣಿಗೆ ಬೀಳದೆ ಕಾಯುತ್ತದೆ. ಅದಕ್ಕೆ ಸಲ್ಲಬೇಕಾದ್ದನ್ನು ಸರಿಯಾಗಿ ಸಲ್ಲಿಸದಿದ್ದರೆ ತೊಂದರೆಯೂ ತಪ್ಪಿದ್ದಲ್ಲ.

ಒಬ್ಬ ವಿದ್ಯಾರ್ಥಿಯ ಮೊದಲ ಕೆಲಸ

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಮುಖ್ಯ ಶಿಲ್ಪಿಗಳು. 1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿದ್ದ ಕ್ರಾನ್ ಬಹಳ ಸರಳವಾಗಿತ್ತು. ಇಡೀ ಕಂಪ್ಯೂಟರಿಗೆ ಒಂದೇ ಪಟ್ಟಿ. ಅದರಲ್ಲಿದ್ದ ಕೆಲಸಗಳೆಲ್ಲ ನಡೆಯುತ್ತಿದ್ದುದು ಯಜಮಾನನ ಅಧಿಕಾರದಲ್ಲಿ. ಆ ಕಾಲದಲ್ಲಿ ಒಂದೇ ಕಂಪ್ಯೂಟರನ್ನು ಹತ್ತಾರು, ನೂರಾರು ಜನ ಹಂಚಿಕೊಂಡು ಬಳಸುತ್ತಿದ್ದರು. ಅವರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಪಟ್ಟಿ ಬೇಕೆಂದರೆ ಏನು ಮಾಡುವುದು? ನಿಮಿಷಕ್ಕೊಮ್ಮೆ ನೂರು ಪಟ್ಟಿಗಳನ್ನು ಓದುವುದು ಅಂದಿನ ಯಂತ್ರಗಳಿಗೆ ಹೆಚ್ಚಿನ ಹೊರೆ.

ಪರಿಹಾರ ಸಿಕ್ಕಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ರಾಬರ್ಟ್ ಬ್ರೌನ್ 1977ರ ಒಂದು ಸಂಶೋಧನ ಪ್ರಬಂಧವನ್ನು ಓದಿದ್ದರು. ಮುಂದೆ ನಡೆಯಬೇಕಾದ ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿಡುವುದು ಹೇಗೆ ಎಂಬುದು ಅದರ ವಿಷಯ. ಕ್ರಾನ್ ಮಾಡುವುದೂ ಅದನ್ನೇ ಅಲ್ಲವೇ ಎಂದು ಅವರಿಗೆ ಹೊಳೆಯಿತು. ಬಸ್ ನಿಲ್ದಾಣದಲ್ಲಿ ಎರಡು ಬಗೆಯ ಪ್ರಯಾಣಿಕರನ್ನು ನೀವು ನೋಡಿರಬಹುದು. ಒಬ್ಬ ನಿಮಿಷಕ್ಕೊಮ್ಮೆ ಎದ್ದು ಹೋಗಿ ‘ನಮ್ಮ ಬಸ್ಸು ಬಂತೇ?’ ಎಂದು ಇಣುಕುತ್ತಾನೆ. ಇನ್ನೊಬ್ಬ ವೇಳಾಪಟ್ಟಿ ನೋಡಿ, ಮುಂದಿನ ಬಸ್ಸಿಗೆ ನಲವತ್ತು ನಿಮಿಷವಿದೆ ಎಂದು ತಿಳಿದು ಅಷ್ಟು ಹೊತ್ತು ನಿಶ್ಚಿಂತೆಯಿಂದ ತೂಕಡಿಸುತ್ತಾನೆ. ಬ್ರೌನ್ ಅವರ ಕ್ರಾನ್ ಎರಡನೆಯವನಂತೆ. ಈ ಮಾದರಿಯನ್ನು ನಿಜವಾದ ಬಳಕೆಗೆ ಒಗ್ಗಿಸುವುದು ಅಲ್ಲಿಗೆ ಹೊಸದಾಗಿ ಬಂದ ಸ್ನಾತಕೋತ್ತರ ವಿದ್ಯಾರ್ಥಿ ಕೀತ್ ವಿಲಿಯಮ್ಸನ್ ಅವರಿಗೆ ವಹಿಸಲಾದ ಮೊದಲ ಕೆಲಸವಾಗಿತ್ತು. 1979ರ ಕೊನೆಯ ಹೊತ್ತಿಗೆ ಅದು ಬಳಕೆಗೆ ಬಂತು.

ಮುಂದೆ 1987ರಲ್ಲಿ ಪಾಲ್ ವಿಕ್ಸಿ ಎಂಬವರು ಬರೆದ ಕ್ರಾನ್ ಜಗತ್ತಿನಾದ್ಯಂತ ಹರಡಿತು. ಸೋಜಿಗವೆಂದರೆ, ಅದು ಮತ್ತೆ ನಿಮಿಷಕ್ಕೊಮ್ಮೆ ಎದ್ದು ನೋಡುವ ಹಳೆಯ ಪದ್ಧತಿಗೇ ಮರಳಿತು. ಅಷ್ಟರಲ್ಲಿ ಯಂತ್ರಗಳ ವೇಗ ಎಷ್ಟು ಹೆಚ್ಚಿತ್ತೆಂದರೆ, ಅದೊಂದು ಹೊರೆಯೇ ಆಗಿರಲಿಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನ ಅನೇಕ ರೂಪಗಳಲ್ಲಿ ಇಂದಿಗೂ ಇರುವುದು ಈ ವಿಕ್ಸಿ ಕ್ರಾನ್ ಅಥವಾ ಅದರ ಸಂತತಿ.

ಐದು ಅಂಗಗಳು

ನಮ್ಮ ಪಂಚಾಂಗಕ್ಕೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದು ಅಂಗಗಳು. ಕ್ರಾನ್ ಓದುವ ಪಟ್ಟಿಗೆ ‘ಕ್ರಾನ್‌ಟ್ಯಾಬ್’ ಎಂದು ಹೆಸರು. ಅಲ್ಲಿಯೂ ಕಾಲವನ್ನು ಸೂಚಿಸಲು ಐದೇ ಅಂಗಗಳು! ಎಡದಿಂದ ಬಲಕ್ಕೆ ಅವು ಹೀಗಿವೆ: ನಿಮಿಷ (0ರಿಂದ 59), ಗಂಟೆ (0ರಿಂದ 23), ತಾರೀಖು (1ರಿಂದ 31), ತಿಂಗಳು (1ರಿಂದ 12), ವಾರ (0ರಿಂದ 6, ಭಾನುವಾರಕ್ಕೆ 0). ಯಾವ ಅಂಗ ಏನಾದರೂ ಪರವಾಗಿಲ್ಲವೋ ಅಲ್ಲಿ ನಕ್ಷತ್ರ ಚಿಹ್ನೆ ಹಾಕಬೇಕು. ಐದೂ ಮುಗಿದ ಮೇಲೆ ಮಾಡಬೇಕಾದ ಕೆಲಸದ ಹೆಸರು. ಕೆಲವು ಉದಾಹರಣೆಗಳನ್ನು ನೋಡೋಣ:

30 5 * * 1 : ಪ್ರತಿ ಸೋಮವಾರ ಬೆಳಗಿನ 5 ಗಂಟೆ 30 ನಿಮಿಷಕ್ಕೆ.
0 21 * * 1-5 : ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ 9ಕ್ಕೆ.
0 0 1 6 * : ಪ್ರತಿ ವರ್ಷ ಜೂನ್ ಒಂದರಂದು, ದಿನ ಶುರುವಾಗುವ ಮಧ್ಯರಾತ್ರಿಗೆ.
*/15 * * * * : ಪ್ರತಿ 15 ನಿಮಿಷಕ್ಕೊಮ್ಮೆ.

ಇಷ್ಟು ತಿಳಿದರೆ ಅರ್ಧ ಕ್ರಾನ್ ಕಲಿತಂತೆಯೇ. ಉಳಿದರ್ಧ ಇರುವುದು ಇದರ ಹೊಂಚುಗುಂಡಿಗಳಲ್ಲಿ. ಅವುಗಳಲ್ಲಿ ಗಣಿತದ ವಿದ್ಯಾರ್ಥಿಗಳಿಗೆ ಖುಷಿ ಕೊಡುವ ಕೆಲವು ಇಲ್ಲಿವೆ.

ಮೇಲಿನ ಕೊನೆಯ ಸಾಲಿನಲ್ಲಿ 15ರ ಬದಲು 7 ಎಂದು ಬರೆದರೆ ಏನಾಗುತ್ತದೆ? ಏಳೇಳು ನಿಮಿಷಕ್ಕೆ ಕೆಲಸ ನಡೆಯುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕ್ರಾನ್ ಪ್ರತಿ ಗಂಟೆಯ ಆರಂಭದಲ್ಲಿ ಸೊನ್ನೆಯಿಂದ ಎಣಿಸುತ್ತದೆ. 0, 7, 14 ಎಂದು ಹೋಗಿ 56ಕ್ಕೆ ಮುಟ್ಟಿದ ಮೇಲೆ ಮುಂದಿನದು 63 ಅಲ್ಲ, ಹೊಸ ಗಂಟೆಯ 0. ಅಂದರೆ ಕೊನೆಯ ಅಂತರ ನಾಲ್ಕೇ ನಿಮಿಷ. ಅಂತರಗಳೆಲ್ಲ ಸಮನಾಗಿರಬೇಕಾದರೆ ಆ ಸಂಖ್ಯೆ 60ನ್ನು ನಿಶ್ಶೇಷವಾಗಿ ಭಾಗಿಸಬೇಕು. ಅರವತ್ತಕ್ಕೆ ಅಂಥ ಭಾಜಕಗಳು ಹನ್ನೆರಡಿವೆ. ಪಟ್ಟಿ ಮಾಡಿ ನೋಡಿ.

ಇನ್ನೊಂದು, ತಾರೀಖು ಮತ್ತು ವಾರ ಎರಡನ್ನೂ ಕೊಟ್ಟಾಗಿನ ಗೊಂದಲ. 0 6 13 * 5 ಎಂದು ಬರೆದರೆ ‘13ನೇ ತಾರೀಖು ಶುಕ್ರವಾರ ಬಿದ್ದಾಗ’ ಎಂದು ಓದುತ್ತೇವೆ. ಕ್ರಾನ್ ಓದುವುದು ‘13ನೇ ತಾರೀಖಿನಂದು ಅಥವಾ ಯಾವುದೇ ಶುಕ್ರವಾರ’ ಎಂದು! ಉಳಿದ ಅಂಗಗಳ ನಡುವೆ ‘ಮತ್ತು’ ಇದ್ದರೆ ಈ ಎರಡರ ನಡುವೆ ಮಾತ್ರ ‘ಅಥವಾ’. ವರ್ಷಕ್ಕೆ ಒಂದೆರಡು ಸಲ ನಡೆಯಬೇಕಿದ್ದ ಕೆಲಸ ವಾರವಾರವೂ ನಡೆದುಬಿಡುತ್ತದೆ.

ಮೂರನೆಯದು ತಿಂಗಳ ಕೊನೆಯ ದಿನದ ಸಮಸ್ಯೆ. ತಾರೀಖಿನ ಜಾಗದಲ್ಲಿ 31 ಎಂದು ಬರೆದರೆ ವರ್ಷಕ್ಕೆ ಏಳೇ ಸಲ ಕೆಲಸ ನಡೆಯುತ್ತದೆ. ಅನುಭವಿಗಳು ಮಾಡುವುದೇನು? 28ರಿಂದ 31ರವರೆಗೆ ದಿನವೂ ಕೆಲಸವನ್ನು ಎಬ್ಬಿಸಿ, ‘ನಾಳೆ ಒಂದನೇ ತಾರೀಖೇ?’ ಎಂದು ಮೊದಲು ಕೇಳಿಸುತ್ತಾರೆ. ಹೌದಾದರೆ ಮುಂದುವರಿಕೆ, ಅಲ್ಲವಾದರೆ ಸುಮ್ಮನೆ ವಾಪಸ್ಸು.

ಯಾರ ಗಡಿಯಾರ?

ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞರಿಗೆ ಇನ್ನೊಂದು ತಲೆನೋವು ಚೆನ್ನಾಗಿ ಗೊತ್ತು. ಅನೇಕ ಸರ್ವರುಗಳ ಗಡಿಯಾರ ಜಾಗತಿಕ ಸಮಯಕ್ಕೆ ಹೊಂದಿಸಿರುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ಇಲ್ಲಿ ಬೆಳಗಿನ 6ಕ್ಕೆ ಆಗಬೇಕಾದ ಕೆಲಸಕ್ಕೆ ಅಲ್ಲಿ 0 ಗಂಟೆ 30 ನಿಮಿಷ ಎಂದು ಬರೆಯಬೇಕು. ಇಲ್ಲಿ ಸೋಮವಾರ ಬೆಳಗಿನ 4 ಗಂಟೆ ಎಂದರೆ ಅಲ್ಲಿ ಇನ್ನೂ ಭಾನುವಾರ ರಾತ್ರಿ. ಗಂಟೆಯೊಂದಿಗೆ ವಾರವನ್ನೂ ಬದಲಿಸಲು ಮರೆತರೆ ಕೆಲಸ ಒಂದು ದಿನ ತಡವಾಗುತ್ತದೆ.

ಅಮೆರಿಕದಲ್ಲಿ ಇನ್ನೂ ಒಂದು ವಿಚಿತ್ರವಿದೆ. ಅಲ್ಲಿನ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರವನ್ನು ನೇರ 3ಕ್ಕೆ ತಿರುಗಿಸುತ್ತಾರೆ. ಆ ದಿನ ‘ಎರಡೂವರೆ ಗಂಟೆ’ ಎಂಬುದೇ ಇರುವುದಿಲ್ಲ! ನವೆಂಬರಿನ ಮೊದಲ ಭಾನುವಾರ 2ರಿಂದ ಹಿಂದಕ್ಕೆ 1ಕ್ಕೆ ಬರುವುದರಿಂದ ಒಂದೂವರೆ ಗಂಟೆ ಎರಡು ಸಲ ಬರುತ್ತದೆ. ಹೊಸ ಕ್ರಾನ್‌ಗಳು ಇದನ್ನು ಸಂಭಾಳಿಸಲು ಪ್ರಯತ್ನಿಸುತ್ತವೆ. ಆದರೂ ಎಚ್ಚರದ ತಂತ್ರಜ್ಞರು ಆ ಹೊತ್ತಿಗೆ ಮುಖ್ಯವಾದ ಯಾವ ಕೆಲಸವನ್ನೂ ಇಡುವುದಿಲ್ಲ, ರಾಹುಕಾಲದಲ್ಲಿ ಪ್ರಯಾಣ ಹೊರಡದವರಂತೆ.

ಎಲ್ಲರೂ ಮಧ್ಯರಾತ್ರಿ ಹನ್ನೆರಡಕ್ಕೇ ಕೆಲಸ ಇಡುವುದೂ ಒಳ್ಳೆಯದಲ್ಲ. ಶಾಲೆ ಬಿಟ್ಟಾಗ ಮಕ್ಕಳೆಲ್ಲ ಒಂದೇ ಬಾಗಿಲಿಗೆ ನುಗ್ಗಿದಂತೆ ಆಗ ಯಂತ್ರದ ಮೇಲೆ ಒತ್ತಡ ಬೀಳುತ್ತದೆ. ಡೆಬಿಯನ್ ಎಂಬ ಲಿನಕ್ಸ್ ರೂಪದಲ್ಲಿ ದಿನದ ಕೆಲಸಗಳು ಬೆಳಗಿನ 6 ಗಂಟೆ 25 ನಿಮಿಷಕ್ಕೆ, ಗಂಟೆಗೊಮ್ಮೆ ಆಗುವ ಕೆಲಸಗಳು 17ನೇ ನಿಮಿಷಕ್ಕೆ ಶುರುವಾಗುತ್ತವೆ. ಇಂಥ ಬೆಸ ಹೊತ್ತುಗಳನ್ನು ಇಟ್ಟುಕೊಂಡರೆ ಕೆಲಸಗಳು ಒಂದರ ಮೇಲೊಂದು ಬೀಳುವುದು ತಪ್ಪುತ್ತದೆ.

ಮೌನದ ಅಪಾಯ

ಕ್ರಾನ್ ಹೇಳಿದ್ದನ್ನು ಹೇಳಿದ ಹೊತ್ತಿಗೆ ಶುರು ಮಾಡಿಸುತ್ತದೆ, ನಿಜ. ಆದರೆ ಶುರುವಾದ ಕೆಲಸ ಸರಿಯಾಗಿ ಮುಗಿಯಿತೇ ಎಂಬುದು ಅದರ ಚಿಂತೆಯಲ್ಲ. ಕೆಲಸ ಏನಾದರೂ ಹೇಳಿಕೊಂಡರೆ, ದೂರಿದರೆ, ಆ ಮಾತನ್ನು ಒಂದು ಇ-ಮೇಲ್ ಮಾಡಿ ಒಡೆಯನಿಗೆ ಕಳಿಸುತ್ತದೆ. ಒಡೆಯ ಅದನ್ನು ಓದದಿದ್ದರೆ? ಅಥವಾ ಆ ಪತ್ರ ತಲುಪದೇ ಹೋದರೆ? ಇದು ಬರಿಯ ಊಹೆಯಲ್ಲ ಎಂಬುದಕ್ಕೆ 2017ರ ಜನವರಿ 31ರ ರಾತ್ರಿ ನಡೆದ ಒಂದು ಘಟನೆ ಸಾಕ್ಷಿ.

ಗಿಟ್‌ಲ್ಯಾಬ್ ಎಂಬುದು ಪ್ರಪಂಚದ ಲಕ್ಷಾಂತರ ತಂತ್ರಾಂಶ ರಚನಕಾರರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಒಂದು ತಾಣ. ಅಂದು ರಾತ್ರಿ ಅಲ್ಲಿನ ದತ್ತಾಂಶ ಕೋಶದ ತೊಂದರೆಯೊಂದನ್ನು ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ಒಂದು ಕಡತಕೋಶವನ್ನು ಅಳಿಸಲು ಆದೇಶ ಕೊಟ್ಟರು. ಅಳಿಸಬೇಕಾಗಿದ್ದುದು ಎರಡನೇ ಕಂಪ್ಯೂಟರಿನಲ್ಲಿ, ಅಳಿಸಿದ್ದು ಮುಖ್ಯ ಕಂಪ್ಯೂಟರಿನಲ್ಲಿ! ಒಂದೆರಡು ಸೆಕೆಂಡಿನಲ್ಲೇ ತಪ್ಪು ತಿಳಿದು ತಡೆದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಉಳಿದಿದ್ದುದು ನಾಲ್ಕೂವರೆ ಗಿಗಾಬೈಟ್ ಮಾತ್ರ.

ಚಿಂತೆಯೇನು, ದಿನವೂ ತಾನಾಗಿಯೇ ತೆಗೆಯುವ ಮೀಸಲು ಪ್ರತಿ ಇದೆಯಲ್ಲ ಎಂದುಕೊಂಡು ಹೋಗಿ ನೋಡಿದರೆ ಅದನ್ನು ಇಡುವ ಜಾಗ ಖಾಲಿ. ದತ್ತಾಂಶ ಕೋಶ 9.6ನೇ ಆವೃತ್ತಿಯದು, ಪ್ರತಿ ತೆಗೆಯುವ ತಂತ್ರಾಂಶ ಮಾತ್ರ ಹಳೆಯ 9.2ನೆಯದಾಗಿತ್ತು. ಎರಡಕ್ಕೂ ಹೊಂದಿಕೆಯಾಗದೆ ಆ ಕೆಲಸ ಪ್ರತಿ ಸಲವೂ ಶುರುವಾದೊಡನೆ ನಿಂತುಹೋಗುತ್ತಿತ್ತು. ವಿಫಲವಾದ ಕ್ರಾನ್ ಕೆಲಸಗಳ ಬಗ್ಗೆ ಇ-ಮೇಲ್ ಕಳಿಸುವ ಏರ್ಪಾಡು ಇತ್ತು. ಆದರೆ ಕಳಿಸಿದವರ ಗುರುತು ದೃಢಪಡದ ಕಾರಣ ಆ ಇ-ಮೇಲ್‌ಗಳನ್ನು ಸ್ವೀಕರಿಸುವ ಕಡೆಯ ವ್ಯವಸ್ಥೆ ತಿರಸ್ಕರಿಸುತ್ತಿತ್ತು. ಹೀಗಾಗಿ ಎಲ್ಲವೂ ಸರಿಯಾಗಿದೆ ಎಂದೇ ಎಲ್ಲರೂ ನಂಬಿದ್ದರು.

ಕಾಪಾಡಿದ್ದು ಒಂದು ಆಕಸ್ಮಿಕ. ಅದಕ್ಕೆ ಸುಮಾರು ಆರು ಗಂಟೆ ಮೊದಲು ಬೇರೊಂದು ಪರೀಕ್ಷೆಗೆಂದು ಎಂಜಿನಿಯರ್ ಒಬ್ಬರು ಕೈಯಾರೆ ಒಂದು ಪ್ರತಿ ತೆಗೆದಿದ್ದರು. ಅದರಿಂದ ಮರುದಿನ ತಾಣ ಮತ್ತೆ ಎದ್ದು ನಿಂತಿತು. ಬಳಕೆದಾರರ ಮೂಲ ಕಡತಗಳಿಗೆ ಧಕ್ಕೆಯಾಗಲಿಲ್ಲ. ಆದರೆ ಆ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಯೋಜನೆಗಳ ದಾಖಲೆ, 5,000 ಟಿಪ್ಪಣಿಗಳು, 700 ಹೊಸ ಖಾತೆಗಳು ಮರಳಿ ಬರಲಿಲ್ಲ. ಸಂಸ್ಥೆ ಏನನ್ನೂ ಮುಚ್ಚಿಡದೆ ನಡೆದುದೆಲ್ಲವನ್ನೂ ವಿವರವಾಗಿ ಪ್ರಕಟಿಸಿತು. ಇಂದಿಗೂ ಜಗತ್ತಿನ ತಂತ್ರಜ್ಞರು ಅದನ್ನು ಪಾಠದಂತೆ ಓದುತ್ತಾರೆ.

ಇಲ್ಲಿ ಕ್ರಾನ್ ಮಾಡಿದ ತಪ್ಪೇನೂ ಇಲ್ಲ. ಅದು ತನ್ನ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿತ್ತು. ಕೊರತೆಯಾಗಿದ್ದು, ಮೀಸಲು ಪ್ರತಿ ಇದೆಯೇ ಎಂದು ಯಾರಾದರೂ ಆಗಾಗ ತೆರೆದು ನೋಡುವ ಅಭ್ಯಾಸದ್ದು. ಸುದ್ದಿ ಬರಲಿಲ್ಲವೆಂದರೆ ಎಲ್ಲ ಕ್ಷೇಮ ಎಂದು ತಿಳಿಯುವುದು ದೂರದೂರಿನ ಹಾಸ್ಟೆಲಿನಲ್ಲಿರುವ ಮಕ್ಕಳ ವಿಷಯದಲ್ಲಿ ಹೇಗೆ ಸಲ್ಲದೋ ಕಂಪ್ಯೂಟರಿನ ವಿಷಯದಲ್ಲೂ ಹಾಗೆಯೇ. ಆದ್ದರಿಂದಲೇ ಈಗ ಅನೇಕ ಕಡೆ ತಿರುವುಮುರುವು ಪದ್ಧತಿ ಬಂದಿದೆ. ಕೆಲಸ ಯಶಸ್ವಿಯಾಗಿ ಮುಗಿದಾಗ ಒಂದು ಸಂದೇಶ ಕಳಿಸಬೇಕು. ನಿಗದಿತ ಹೊತ್ತಿಗೆ ಆ ಸಂದೇಶ ಬಾರದಿದ್ದರೆ ಇನ್ನೊಂದು ಕಂಪ್ಯೂಟರ್ ಗಂಟೆ ಬಾರಿಸುತ್ತದೆ.

ನೀವೇ ಮಾಡಿ ನೋಡಿ

ಇದನ್ನು ಕಲಿಯಲು ದುಬಾರಿ ಸಾಮಗ್ರಿ ಬೇಡ. ಮನೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡರೂ ಸಾಕು. ‘ಕ್ರಾನ್‌ಟ್ಯಾಬ್’ ಎಂಬ ಆದೇಶದ ಮುಂದೆ ಒಂದು ಕಿರುಗೆರೆ ಮತ್ತು ಇಂಗ್ಲಿಷಿನ ‘ಇ’ ಅಕ್ಷರ ಕೊಟ್ಟರೆ ಪಟ್ಟಿಯನ್ನು ತಿದ್ದಬಹುದು. ‘ಎಲ್’ ಕೊಟ್ಟರೆ ಪಟ್ಟಿ ಕಾಣುತ್ತದೆ. ‘ಆರ್’ ಕೊಟ್ಟರೆ ಇಡೀ ಪಟ್ಟಿ ಸಾಮಾನ್ಯವಾಗಿ ಒಂದು ಮಾತೂ ಕೇಳದೆ ಮಾಯ! ಕೀಲಿಮಣೆಯಲ್ಲಿ ‘ಇ’ ಮತ್ತು ‘ಆರ್’ ಅಕ್ಕಪಕ್ಕದಲ್ಲೇ ಇವೆ ಎಂಬುದನ್ನು ನೆನಪಿಡಿ. ತಿದ್ದುವ ಮೊದಲು ಪಟ್ಟಿಯನ್ನು ಬೇರೊಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ.

ಮೊದಲ ಪ್ರಯೋಗವಾಗಿ, ಆ ಹೊತ್ತಿನ ಸಮಯವನ್ನು ಒಂದು ಕಡತದ ಕೊನೆಗೆ ಸೇರಿಸುವ ಕೆಲಸವನ್ನು ಐದೂ ಜಾಗಕ್ಕೆ ನಕ್ಷತ್ರ ಹಾಕಿ ಬರೆಯಿರಿ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಕಡತದಲ್ಲಿ ಹತ್ತು ಸಾಲು ಇರಬೇಕು. ಎರಡನೆಯದಾಗಿ, ನಿಮ್ಮ ಟಿಪ್ಪಣಿಗಳ ಪ್ರತಿಯನ್ನು ದಿನವೂ ರಾತ್ರಿ ಬೇರೊಂದು ಕಡೆಗೆ ನಕಲಿಸುವಂತೆ ಮಾಡಿ. ಕೈಯಿಂದ ಕೊಟ್ಟಾಗ ನಡೆದ ಆದೇಶ ಕ್ರಾನ್ ಮೂಲಕ ನಡೆಯದಿದ್ದರೆ ಗಾಬರಿ ಬೇಡ. ಮನೆಯವರಿಗೆ ‘ಉಪ್ಪು ತಾ’ ಎಂದರೆ ಸಾಕು; ಹೊಸದಾಗಿ ಬಂದ ನೆಂಟನಿಗೆ ಅಡುಗೆಮನೆ ಯಾವ ಕಡೆ, ಉಪ್ಪು ಯಾವ ಗೂಡಿನಲ್ಲಿ ಎಂದೂ ಹೇಳಬೇಕು. ಕ್ರಾನ್ ಆ ನೆಂಟನಂತೆ. ನೀವು ಕಂಪ್ಯೂಟರಿಗೆ ಮಾಡಿಕೊಂಡಿರುವ ಏರ್ಪಾಡುಗಳು ಅದಕ್ಕೆ ತಿಳಿಯವು. ಪ್ರತಿಯೊಂದು ತಂತ್ರಾಂಶ ಮತ್ತು ಕಡತದ ಪೂರ್ಣ ವಿಳಾಸವನ್ನು ಬರೆದರೆ ಹೆಚ್ಚಿನ ತೊಂದರೆ ತಪ್ಪುತ್ತದೆ.

ಹೇಳಿದ ಹೊತ್ತಿಗೆ ಕಂಪ್ಯೂಟರ್ ಆರಿಸಿದ್ದರೆ? ಕ್ರಾನ್ ಆ ಕೆಲಸವನ್ನು ಬಿಟ್ಟೇಬಿಡುತ್ತದೆ, ತಪ್ಪಿದ್ದನ್ನು ಆಮೇಲೆ ಮಾಡುವುದಿಲ್ಲ. ಅದಕ್ಕೆಂದೇ ‘ಅನಾಕ್ರಾನ್’ ಎಂಬ ತಮ್ಮನೊಬ್ಬನಿದ್ದಾನೆ. ‘ಈ ಕೆಲಸ ನಡೆದು ಎಷ್ಟು ದಿನವಾಯಿತು?’ ಎಂದು ಎಣಿಸಿ ಬಾಕಿ ತೀರಿಸುವವನು ಇವನು. ಒಂದೇ ಸಲ ಆಗಬೇಕಾದ ಕೆಲಸಕ್ಕೆ ‘ಆಟ್’ ಎಂಬ ಆದೇಶವಿದೆ. ಇತ್ತೀಚಿನ ಲಿನಕ್ಸ್‌ಗಳಲ್ಲಿ ‘ಸಿಸ್ಟಂಡಿ’ ಎಂಬ ವ್ಯವಸ್ಥೆಯ ಟೈಮರುಗಳು ಇದೇ ಕೆಲಸಕ್ಕೆ ಬಳಕೆಯಾಗುತ್ತಿವೆ. ಹೆಸರು ಬೇರೆಯಾದರೂ ಕಾಲ, ಕೆಲಸ, ಪರಿಶೀಲನೆ ಎಂಬ ಮೂರು ಪ್ರಶ್ನೆಗಳು ಅಲ್ಲಿಯೂ ಅವೇ.

ಹೆತ್ತವರಿಗೆ ಒಂದು ಮಾತು

ಮಗ ಅಥವಾ ಮಗಳು ಕಪ್ಪು ಪರದೆಯ ಮುಂದೆ ಕುಳಿತು ನಕ್ಷತ್ರಗಳನ್ನು ಕುಟ್ಟುತ್ತಿದ್ದರೆ ಅದು ಕಾಲಹರಣವೆಂದು ಭಾವಿಸಬೇಕಾಗಿಲ್ಲ. ಯಾವ ಕೆಲಸ ಯಾವಾಗ ಆಗಬೇಕು, ಆಗದಿದ್ದರೆ ಯಾರಿಗೆ ತಿಳಿಯಬೇಕು, ಆಯಿತೆಂದು ನಂಬುವುದು ಹೇಗೆ ಎಂದು ಮುಂಚಿತವಾಗಿ ಯೋಚಿಸುವ ಶಿಸ್ತು ಅವರಿಗೆ ಇದರಿಂದ ದಕ್ಕುತ್ತದೆ. ಎಂಜಿನಿಯರಿಂಗಿಗೆ ಹೋಗದಿದ್ದರೂ ಅದು ಉಪಯೋಗಕ್ಕೆ ಬರುವ ವಿದ್ಯೆ.

ಇನ್ನು ಮನೆಮಂದಿಯ ಫೋಟೋಗಳು, ಅಂಕಪಟ್ಟಿಗಳು, ಜಮೀನಿನ ಪತ್ರಗಳ ನಕಲು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಇದ್ದರೆ ಅವುಗಳ ಮೀಸಲು ಪ್ರತಿಯನ್ನು ತಾನಾಗಿ ತೆಗೆಯುವ ಏರ್ಪಾಡನ್ನು ಮಕ್ಕಳಿಂದಲೇ ಮಾಡಿಸಿ. ತಿಂಗಳಿಗೊಮ್ಮೆ, ಒಂದನೇ ತಾರೀಖಿನಂದು, ಆ ಪ್ರತಿಯಿಂದ ಯಾವುದಾದರೂ ಒಂದು ಫೋಟೋ ತೆರೆದು ತೋರಿಸಲು ಅವರಿಗೆ ಹೇಳಿ. ತೆರೆದರೆ ಸಂತೋಷ. ತೆರೆಯದಿದ್ದರೆ, ಮೂಲ ಇನ್ನೂ ಕೈಯಲ್ಲಿರುವಾಗಲೇ ಅದು ಗೊತ್ತಾಯಿತಲ್ಲ!